ಹನ್ನೆರಡಕ್ಕೆ ಒಂದು

ಖುತೇಜಾಬಿಯ ಬೆರಳನ್ನು ಮಾಸಾಶನದ ಯಂತ್ರ ಒಪ್ಪುವುದಿಲ್ಲ.
ನಲವತ್ತು ವರ್ಷ ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಗಳಲ್ಲಿ
ಕುದಿನೀರೊಳಗೆ ಗೂಡು ತಿರುವಿ
ಎಳೆಯ ತುದಿ ಹುಡುಕಿದ ಬೆರಳು.
ಗೆರೆಗಳೆಲ್ಲ ಯಾರಯಾರದೋ ಸೀರೆ ಸೇರಿವೆ.
ಒರೆಸಿ ಇಡಮ್ಮ, ಅಂದ ಆಪರೇಟರು.
ಸೆರಗಿಗೆ ಒರೆಸಿದಳು.
ಇನ್ನೊಂದು ಬೆರಳು. ಇನ್ನೊಂದು.
ಹತ್ತೂ ಮುಗಿದ ಮೇಲೆ
ಕಾಲಿಂದೂ ಇಡ್ಲಾ ಸಾಬ್, ಅಂತ ಕೇಳಿದಳು.
ಸಾಲಿನವರು ನಕ್ಕರು.
ಅವಳು ತಮಾಷೆಗೆ ಕೇಳಿರಲಿಲ್ಲ.

ನಾನು ಗಂಗರತ್ನ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ.
ಎಡಗಾಲಿಗೆ ಪೋಲಿಯೊ, ಕಂಕುಳಲ್ಲಿ ರಿಜಿಸ್ಟರು.
ಗೌರವಧನ ಬಂದ ತಿಂಗಳು ಬಂತು,
ಬರದ ತಿಂಗಳು ಬರೀ ಗೌರವ.
ಪಟ್ಟಿಯಲ್ಲಿರುವುದು ನೂರಾ ಹದಿನೇಳು ಮಂದಿ.
ಅವರ ಹೊಸಿಲುಗಳ ಎತ್ತರ
ನನ್ನ ಕಾಲಿಗೆ ಬಾಯಿಪಾಠ.

ಚಿಕ್ಕಪಿಳ್ಳಪ್ಪನಿಗೆ ಗಾಲಿಕುರ್ಚಿ ಸಿಕ್ಕಿತು,
ಶಿಬಿರದಲ್ಲಿ, ಹಾರ ಹಾಕಿ, ಫೋಟೊ ಹಿಡಿದು.
ಅವನ ಓಣಿ ಎರಡಡಿ, ಕುರ್ಚಿ ಎರಡೂಕಾಲು.
ಅಣ್ಣನ ಮನೆಯ ಪಡಸಾಲೆಯಲ್ಲಿ ಈಗ
ಅದರ ಮೇಲೆ ರಾಗಿ ಮೂಟೆ ಕೂತಿದೆ,
ಆರಾಮಾಗಿ, ಬೆನ್ನಿಗೆ ಒರಗಿಕೊಂಡು.

ಕಚೇರಿ ಮುಂದೆ ಹೋದ ವರ್ಷ ಇಳಿಜಾರು ಕಟ್ಟಿದರು.
ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು,
ತರಬೇತಿಯಲ್ಲಿ ಕಲಿಸಿದ್ದು ಮರೆತಿಲ್ಲ ನಾನು.
ಇಲ್ಲಿ ಎರಡಡಿ ಜಗುಲಿಗೆ ಐದೇ ಅಡಿ.
ಭಾನುವಾರ ಹುಡುಗರು ಜಾರಿ ಆಡುತ್ತಾರೆ.
ಪಕ್ಕದ ಉದ್ಘಾಟನೆಯ ಕಲ್ಲು ಮಾತ್ರ
ನೆಟ್ಟಗೆ, ಅಳತೆಗೆ ಸರಿಯಾಗಿ ನಿಂತಿದೆ.

ಐದನೇ ಅರ್ಜಿಗೆ ಇಂಜಿನಿಯರು ಬಂದರು.
ಟೇಪು ಮರೆತಿದ್ದರು.
ಖುತೇಜಾಬಿ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ
ಒಂದುಂಡೆ ಹುರಿ ತೆಗೆದಳು, ಕಚ್ಚಾ ರೇಷ್ಮೆಯದು.
ಜಗುಲಿಯ ಅಂಚಲ್ಲಿ ನಾನು ತುದಿ ಹಿಡಿದೆ.
ಅವಳು ಮೊಳ ಹಾಕುತ್ತ ಹೋದಳು,
ಬೈಕುಗಳ ಸಾಲು ದಾಟಿ, ಗೇಟು ದಾಟಿ.
ಹದಿನಾರನೇ ಮೊಳಕ್ಕೆ
ಸಾಹೇಬರ ಜೀಪಿನ ಮೂತಿ ಮುಟ್ಟಿತು.
ಇಲ್ಲಿಂದ ಶುರು ಆಗಬೇಕು, ಅಂದಳು.
ಅಷ್ಟು ದೂರದಿಂದಲಾ?
ಹೌದು ಸಾರ್, ನಾವು ಮೊದಲಿಂದಲೂ
ಅಲ್ಲಿಂದಲೇ ಬರುತ್ತಿದ್ದೇವೆ.

ಗ್ರಾಮಸಭೆಯಲ್ಲಿ ಬರೆಸಿದೆ:
ಬೆರಳು ಸೋತರೆ ಕಣ್ಣು ನೋಡಿ,
ಕಣ್ಣಿಗೂ ಪೊರೆ ಬಂದಿದ್ದರೆ
ಗುರುತಿರುವ ಒಬ್ಬ ಮನುಷ್ಯನ ಮಾತು ಸಾಕೆನ್ನಿ.
ಕುರ್ಚಿ ಕೊಡುವ ಮೊದಲು ಓಣಿ ಅಳೆಯಿರಿ.
ಮಾಸಾಶನ ಮನೆಗೇ ಬರಲಿ, ಆಟೋದವನಿಗೆ ಕೊಟ್ಟು
ಉಳಿದದ್ದಕ್ಕೆ ಮಾಸಾಶನ ಅನ್ನುವುದು ಹೇಗೆ?
ಕಾರ್ಯದರ್ಶಿ ಪೆನ್ನು ನಿಲ್ಲಿಸಿದ.
ಮನುಷ್ಯನ ಮಾತಿಗೆ ಕಾಲಂ ಇಲ್ಲ ಮೇಡಂ.
ಷರಾದಲ್ಲಿ ಹಾಕಿ, ಅಂದೆ.
ಷರಾ ಚಿಕ್ಕದು. ಅಕ್ಷರ ಸಣ್ಣದು ಮಾಡಿ ತುರುಕಿದ.

ಹಳೇ ಇಳಿಜಾರು ಒಡೆದಿದ್ದಾರೆ.
ಎಂ-ಸ್ಯಾಂಡ್ ಬಂದಿದೆ, ಸಿಮೆಂಟು ಬರಬೇಕು.
ಅಲ್ಲಿಯವರೆಗೆ ಹತ್ತುವವರನ್ನು
ಇಬ್ಬರು ಎತ್ತಿಕೊಂಡೇ ಹೋಗಬೇಕು, ನಿಜ.
ಗೇಟಿನ ಸರಳಿಗೆ ಕಟ್ಟಿದ ಆ ಹುರಿಯನ್ನು
ಯಾಕೋ ಯಾರೂ ಬಿಚ್ಚಿಲ್ಲ.
ನಿನ್ನೆ ಖುತೇಜಾಬಿ ಅದನ್ನು ಸವರಿ
ಇದು ನನ್ನ ಕೈ ನೂಲು, ಅಂದಳು,
ಬೇರೆಯವರದಲ್ಲ.
ಹೇಗೆ ಗೊತ್ತಾಯಿತು, ಅಂದೆ.

ಬೆರಳು ಎತ್ತಿ ತೋರಿಸಿದಳು,
ನುಣ್ಣಗೆ, ಒಂದೂ ಗೆರೆಯಿಲ್ಲದ್ದು.