ಕೊನಕ್

ಮೊದಲು ಕೈ ತೊಳೆದುಕೋ, ಅರುಖಾನ್.
ಸೋಪು ಬೇಡ, ಒಂಟೆಮಜ್ಜಿಗೆ ಸಾಕು.
ಸೋಪಿನ ವಾಸನೆಗೆ ಅದು ಮೂಳೆಯವರೆಗೂ ಸರಿದುಬಿಡುತ್ತದೆ.

ಮರಿಯ ತಲೆ ತೊಡೆಯ ಮೇಲಿರಲಿ. ಹೀಗೆ.
ಸೈಗಾದ ಮೂಗು ನೋಡು, ಜೋತುಬಿದ್ದ ಜೋಳಿಗೆ,
ಒಳಗೆ ಎರಡು ಓಣಿ, ಓಣಿಯ ತುಂಬ ಕತ್ತಲು,
ಕತ್ತಲಲ್ಲಿ ನಮ್ಮ ಕೊನಕ್.
ಕೊನಕ್ ಎಂದರೆ ಅತಿಥಿ. ನಮ್ಮವರು ಹುಳ ಎನ್ನುವುದಿಲ್ಲ.
ಮನೆಗೆ ಬಂದವರನ್ನು ಮೂರು ದಿನ
ಯಾಕೆ ಬಂದಿರಿ ಎಂದು ಕೇಳುವ ರೂಢಿಯಿಲ್ಲ;
ಇದು ಬಂದು ನಾಲ್ಕು ಸಾವಿರ ವರ್ಷ.

ಆಗ ಇದು ನೊಣವಾಗಿತ್ತಂತೆ.
ರೆಕ್ಕೆಯಿತ್ತು, ಕಣ್ಣಿತ್ತು, ಹೋಗಿಬರುವ ದಾರಿಯಿತ್ತು.
ಅರಾಲ್ ಬತ್ತಿತು. ಹಡಗು ತುಕ್ಕಾಗಿ, ತುಕ್ಕು ಮಣ್ಣಾಗಿ,
ಮೀನಿನ ಹೆಸರುಗಳು ಅಜ್ಜಿಯರ ಬೈಗುಳದಲ್ಲಷ್ಟೇ ಉಳಿದು,
ಕಡಲತಳದ ಉಪ್ಪು ಗಾಳಿಯ ಹೆಗಲೇರಿತು.
ನೊಣ ಯೋಚಿಸಲಿಲ್ಲ
(ಯೋಚಿಸುವವರು ಊರು ಬಿಟ್ಟಿದ್ದರು)
ಒಂದೊಂದೇ ಕಳಚಿಟ್ಟಿತು:
ರೆಕ್ಕೆ, ಕಣ್ಣು, ಕಾಲು, ಕೊನೆಗೆ ಬಾಯಿಯನ್ನೂ.
ಈಗ ಉಳಿದದ್ದು ಏಳು ಸಾಲು ಕೊಕ್ಕೆ,
ಮತ್ತೊಂದು ಪರದೆ, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು.

ಆ ಪರದೆ ಕಟ್ಟಿಕೊಂಡು ಮೂಗಿನ ಹೊಸಿಲಲ್ಲಿ ಕೂತಿದೆ.
ಒಳಬರುವ ಗಾಳಿಯ ಉಪ್ಪೆಲ್ಲ ತನಗೆ,
ಉಸಿರು ಮಾತ್ರ ಮೃಗಕ್ಕೆ.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಇಲ್ಲಿ ನೀರೆಲ್ಲಿ?
ಕೊಕ್ಕೆಯಿಂದಲೇ ನೆತ್ತರು ಹೀರುತ್ತದೆ.
ದಿನಕ್ಕೆ ಅರ್ಧ ಪಿಯಾಲೆ. ಅಳೆದಿದ್ದೇನೆ.

ಕೀಳುವುದು ಸುಲಭ.
ಚಿಮಟ ತಿರುಗಿಸು, ಎಡಕ್ಕೆ, ಯಾವಾಗಲೂ ಎಡಕ್ಕೆ.
ನಿನ್ನ ವಯಸ್ಸಿನಲ್ಲಿ ನಾನೂ ಕಿತ್ತೆ,
ಒಂದೇ ಚಳಿಗಾಲಕ್ಕೆ ನಲವತ್ತೊಂದು.
ಭರಣಿಗೆ ಹಾಕಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ,
ಕಂಡವರು ಹೊಗಳಲಿ ಎಂದು.
ಎಸ್ಬೆರ್ಗೆನ್ ಹೊಗಳಿದ. ಅವನನ್ನೇ ಮದುವೆಯಾದೆ.
ಫೆಬ್ರವರಿಯಲ್ಲಿ ಬಿಳಿಗಾಳಿ ಎದ್ದಿತು.
ಮೂರು ರಾತ್ರಿ.
ನಲವತ್ತೊಂದು ಮರಿ, ನಲವತ್ತೊಂದು ಚೊಕ್ಕ ಮೂಗು,
ಬಾಯಿ ತೆರೆದು ಮಲಗಿದ್ದವು.
ಎದೆ ಸೀಳಿ ನೋಡಿದರೆ ಒಳಗೆ
ಉಪ್ಪು ಹಚ್ಚಿ ಒಣಗಿಸಿದ ಮೀನಿನ ಹಾಗೆ, ಎಂದರು ಮಾವ.
ಅವರೂ ಮೀನು ಕಂಡವರಲ್ಲ.

ಹಾಗಂತ ಇದನ್ನು ದೇವರು ಮಾಡಬೇಡ.
ತತ್ತಿ ಮಾಗಲಿ, ವಸಂತದಲ್ಲಿ ನೋಡುವೆಯಂತೆ:
ಬಾಯಿಗೆ ಬಂದ ಹುಲ್ಲು ಬಿಟ್ಟು ಮಂದೆ ದಿಬ್ಬ ಹತ್ತುತ್ತದೆ,
ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ,
ಒಂದು ಸೀನಿತೋ, ಸಾವಿರ ಸೀನು.
ಬೆಳ್ಳಗೆ ಹಾರುತ್ತದೆ ಸಕ್ಸಾವುಲ್ ಪೊದೆಗಳ ಮೇಲೆ
ಹುಟ್ಟಲಿರುವ ಮರಿಗಳ ಪಾಲಿನದು.
ತೋಳಗಳಿಗೆ ಆ ದಿಬ್ಬದ ದಾರಿ ಬಾಯಿಪಾಠ.
ಒಂದು ಮುದಿಹೆಣ್ಣು, ಕುಂಟು,
ಹತ್ತಲಾರೆನೆಂದು ಮುಂಗಾಲು ಊರಿ ನಡುಗುತ್ತಿತ್ತು ಬುಡದಲ್ಲಿ.
ಮಧ್ಯಾಹ್ನದವರೆಗೂ ನಡುಗಿತು.
ಹತ್ತಿತು.

ಅದಕ್ಕೇ ಪೂರ್ತಿ ಕೀಳಬೇಡ, ಪೂರ್ತಿ ಬಿಡಬೇಡ.
ಏಳು ಸಾಲಿನಲ್ಲಿ ಮೂರು ಕತ್ತರಿಸು. ಕೆಲವಕ್ಕೆ ನಾಲ್ಕು.
ಎಷ್ಟೆಂದು ನನಗೂ ಗೊತ್ತಿಲ್ಲ,
ಕಿವಿಯಿಟ್ಟು ಉಸಿರು ಕೇಳು, ಅದು ಹೇಳಿದಷ್ಟು.
ತಪ್ಪುತ್ತೀ. ನಾನು ಈಗಲೂ ತಪ್ಪುತ್ತೇನೆ.

ಬೆರಳು ಹಿಡಿಯಿತೇ? ಎಳೆಯಬೇಡ.
ಅದಕ್ಕೆ ಕಣ್ಣಿಲ್ಲ. ಬೆಚ್ಚಗಿರುವುದೆಲ್ಲ ಅದಕ್ಕೆ ಮನೆ.
ಮರಿಯ ಜೊತೆ ನೀನೂ ಒಂದು ಉಸಿರು ತೆಗೆದುಕೋ,
ನಿಧಾನಕ್ಕೆ ಬಿಡಿಸಿಕೋ.

ಎಡಕ್ಕೆ ಅಂದೆನಲ್ಲ.