ಐದು ನಿಮಿಷದ ಸರದಿ

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಏಳು ನಿಮಿಷ.
ನನ್ನ ಹಳೆಯ ಕೆಲಸದ ಲೆಕ್ಕಕ್ಕೆ
ಹತ್ತಿರ ಹತ್ತಿರ ಒಂದೂವರೆ ಸರದಿ.
ವಿಧಾನಸಭೆಯಲ್ಲಿ ನಾವು ಶೀಘ್ರಲಿಪಿಯವರು
ಐದೈದು ನಿಮಿಷ ಬರೆದು ಏಳುತ್ತಿದ್ದೆವು.
ಮಾತು ಅರ್ಧದಲ್ಲಿದ್ದರೂ ಪೆನ್ಸಿಲು ಎತ್ತಬೇಕು,
ಮುಂದಿನವಳು ಬಂದು ಅದೇ ಶಬ್ದದ ಬಾಲ ಹಿಡಿಯುತ್ತಾಳೆ.
ಹಾಗಾಗಿ ಇಪ್ಪತ್ತೊಂಬತ್ತು ವರ್ಷ
ಯಾವ ಜಗಳದ ಕೊನೆಯನ್ನೂ ನಾನು ಕೇಳಿದವಳಲ್ಲ.

"ಕೂತ್ಕೊಳ್ಳಿ ಬಾಯಮ್ಮ" ಅನ್ನುತ್ತಾನೆ ದೇಜಪ್ಪ.
ನಮ್ಮ ಇಗರ್ಜಿಯವರನ್ನು ಇಲ್ಲಿ ಹಾಗೇ ಕರೆಯುವುದು.
ನನಗೆ ಒಳಗೊಳಗೇ ನಗು:
ಇನ್ನೂರು ಚಿಲ್ಲರೆ ಬಾಯಿಗಳ ನಡುವೆ
ಬಾಯಿ ಮುಚ್ಚಿ ಕೂತಿದ್ದ ಬಾಯಮ್ಮ.

ಇವತ್ತು ಅವನು ಹಗ್ಗ ಬಿಚ್ಚಲಿಲ್ಲ.
ಅಂಗಿಯ ಜೇಬಿನಿಂದ ಕಾಗದ ತೆಗೆದ,
ಬೆವರಿಗೆ ಮಡಿಕೆಗಳು ಅಂಟಿಕೊಂಡಿದ್ದವು.
"ನೀವು ಸರಕಾರದಲ್ಲಿದ್ದವರಲ್ಲವಾ, ಓದಿ ಹೇಳಿ.
ಏಳನೇ ಕಲಮು, ಎರಡನೇ ಉಪಕಲಮು ಅಂದ್ರೆ ಎಂತದು?"
ಮರದ ದೋಣಿ. ಹದಿನೈದು ವರ್ಷ ಮೀರಿದ್ದು.
ಜನರನ್ನು ಹತ್ತಿಸಕೂಡದು.
ಮೂವತ್ತು ದಿನ.

ಓದುತ್ತ ಓದುತ್ತ ನನ್ನ ಬೆರಳು ತಾನಾಗಿ ಅಲುಗಿತು.
ಈ ವಾಕ್ಯ ನನ್ನ ಕೈಗೆ ಗೊತ್ತು:
ಒಂದು ಕೊಕ್ಕೆ, ಒಂದು ಚುಕ್ಕೆ, ಗೆರೆಯ ಮೇಲೊಂದು ಕಮಾನು.

ಅಧಿವೇಶನದ ಕೊನೆಯ ದಿನ, ಊಟಕ್ಕೆ ಮೊದಲು.
ಹನ್ನೊಂದು ವಿಧೇಯಕ ಬಾಕಿ.
ಬಾವಿಯಲ್ಲಿ (ಸದನದ ಬಾವಿ, ನೀರಿಲ್ಲದ್ದು)
ಒಂದಷ್ಟು ಜನ ನಿಂತು ಬೇರೆ ಏನಕ್ಕೋ ಕೂಗುತ್ತಿದ್ದರು,
ಯಾರದೋ ವರ್ಗಾವಣೆ, ಯಾರದೋ ಟೆಂಡರು.
ಕಡವು ಮತ್ತು ದೋಣಿಗಳ ತಿದ್ದುಪಡಿ
ಆ ಕೂಗಿನ ಅಡಿಯಲ್ಲೇ ನುಸುಳಿತು,
ಬಲೆಯ ಬುಡದಿಂದ ಕಾಣೆ ಮೀನು ಜಾರಿದ ಹಾಗೆ.
"ಖಂಡ ಎರಡರಿಂದ ಹನ್ನೆರಡು ವಿಧೇಯಕದ ಅಂಗವಾಗಬೇಕು.
ಪರವಾಗಿರುವವರು ಹೌದು ಎನ್ನಿ."
ಹೌದು.
"ವಿರೋಧವಾಗಿರುವವರು ಇಲ್ಲ ಎನ್ನಿ."
ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ.
ಯಾರೂ ಒಂದು ನದಿಯ ಹೆಸರು ಎತ್ತಲಿಲ್ಲ.

ಆದರೆ ಒಂದು ಇಲ್ಲ ಇತ್ತು.
ಆಳುವವರ ಸಾಲಿನಲ್ಲೇ, ಹಿಂದಿನ ಬೆಂಚು,
ನಮ್ಮ ಕರಾವಳಿಯವರು, ಮೊದಲ ಸಲ ಗೆದ್ದವರು,
ಮೈಕು ಒತ್ತದೆ, ಮೇಜು ನೋಡುತ್ತ
"ಇಜ್ಜಿ" ಅಂದರು.
ತುಳುವಿನಲ್ಲಿ. ನಿದ್ದೆಯಲ್ಲಿ ಅಂದ ಹಾಗೆ.
ಪಕ್ಕದವರು ತಿರುಗಿ ನೋಡುವಷ್ಟರಲ್ಲಿ
ಅವರ ಕೈಯೂ ಎಲ್ಲರ ಜೊತೆ ಮೇಜು ಕುಟ್ಟುತ್ತಿತ್ತು.

ನಾನು ಬರೆದುಕೊಂಡೆ.
ತುಳುವಿಗೆ ನಮ್ಮ ಲಿಪಿಯಲ್ಲಿ ಗುರುತಿಲ್ಲ,
ಹುಬ್ಬಿನಂಥ ಗೆರೆಯೊಂದನ್ನು ಅಲ್ಲೇ ಹುಟ್ಟಿಸಿದೆ.
ಟೈಪಿಗೆ ಹೋಗುವಾಗ ವಾಮನ ಜೋಯಿಸರು
ಕನ್ನಡಕ ಇಳಿಸಿ ಕೇಳಿದರು, ಇದೇನಮ್ಮ?
ಕೆಮ್ಮು ಸಾರ್, ಅಂದೆ.
ಕೆಮ್ಮು ನಡವಳಿಯಲ್ಲಿ ಬರುವುದಿಲ್ಲ.

ಇಲ್ಲಿ ಧಕ್ಕೆಯಲ್ಲಿ ಬೆಳಗ್ಗೆ ಬಂಗುಡೆ ಏಲಂ.
ತುಳುವಿನ ಅಂದ್, ಕೊಂಕಣಿಯ ವ್ಹಯ್,
ಬ್ಯಾರಿ ಸಾಹುಕಾರ ಗಡ್ಡ ತುರಿಸಿದರೆ ಅದೂ ಒಂದು ಹೌದು.
ಕಲ್ಯಾಣಿಯಕ್ಕ ಬುಟ್ಟಿಯ ಅಂಚಿಗೆ ಕಾಲಿಟ್ಟು
ಬೊಡ್ಚಿ ಅಂದರೆ ಮಾತ್ರ
ಏಲದವನು ನಿಲ್ಲುತ್ತಾನೆ. ಬೆವರು ಒರೆಸಿಕೊಳ್ಳುತ್ತಾನೆ.
ಮೀನು ಕಾಯುತ್ತದೆ.

"ಅಷ್ಟು ದೊಡ್ಡ ಸಭೆಯಲ್ಲಿ ಬಾಯಮ್ಮ,
ಬೇಡ ಅಂತ ಒಬ್ಬನೂ ಹೇಳಲಿಲ್ಲವಾ?"
ಮಡಿಕೆಯ ಮೇಲೇ ಮಡಿಸಿ ಕಾಗದ ಕೊಟ್ಟೆ.
ಒಬ್ಬರು ಕೆಮ್ಮಿದರು, ಅಂದೆ.

ಅವನಿಗೆ ಅರ್ಥವಾಯಿತೋ ಇಲ್ಲವೋ.
ಹಗ್ಗ ಬಿಚ್ಚಿದ. "ಮೂವತ್ತು ದಿನ ಉಂಟಲ್ಲ" ಅಂದ.
ಅಳಿವೆಯ ಕಡೆಯಿಂದ ಗಾಳಿ,
ಶಾಲೆಯ ಮಕ್ಕಳು ಆರು, ಒಂದು ಸೈಕಲ್ಲು,
ಝುಲೈಖಾ ಟೀಚರಿನ ಮಂಡಿಗೆಂದು ನನ್ನ ಚೀಲದಲ್ಲಿ ಎಣ್ಣೆ.
ನಡುನೀರಿನಲ್ಲಿ ಐದು ನಿಮಿಷ ತುಂಬಿತು.
ಅಭ್ಯಾಸ ನೋಡಿ, ಎದ್ದು ನಿಲ್ಲಲು ಹೋದೆ,
ಉಳಿದದ್ದನ್ನು ಇನ್ನೊಬ್ಬಳು ಬರೆದುಕೊಳ್ಳಲಿ ಎಂಬಂತೆ.

"ಕೂತ್ಕೊಳ್ಳಿ ಬಾಯಮ್ಮ," ಅಂದ ದೇಜಪ್ಪ,
"ದೋಣಿ ವಾಲ್ತದೆ."