ಬಾಲದ ಗದ್ದೆ

ಕಾಲುವೆಗೆ ತಲೆಯುಂಟು, ಬಾಲವುಂಟು.
ತಲೆಯ ಕಡೆಯವರಿಗೆ ನೀರಿನ ಚಿಂತೆಯಿಲ್ಲ,
ಬಾಲದವರಿಗೆ ಅದೊಂದೇ ಚಿಂತೆ.
ಇಲೋಕೋಸಿನ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.
ಅದಕ್ಕೇ ಮುಖಂಡನಾದವನಿಗೆ ಸಂಬಳವಿಲ್ಲ,
ಕಾಲುವೆ ಮುಗಿಯುವಲ್ಲಿ ಒಂದು ತುಂಡು ಗದ್ದೆ:
ಎಲ್ಲರ ಪೈರು ನೆನೆದು ಮಿಕ್ಕರೆ
ನಿನ್ನದೂ ನೆನೆದೀತು, ಮಾಯೆಸ್ತ್ರೊ, ಉಣ್ಣು.

ನಾನು ರೆಮೆಡಿಯೋಸ್, ಹಾಜರಿ ಬರೆಯುವವಳು.
ಬಿದಿರು, ಬಾಳೆದಿಂಡು, ಮರಳು ಒಟ್ಟಿದ ಕಟ್ಟ
ತುಫಾನು ಬಂದಾಗಲೆಲ್ಲ ಕಿತ್ತು ಹೋಗುತ್ತಿತ್ತು.
ಒಂದು ವರ್ಷ ಏಳು ಸಲ ಹೋಯಿತು,
ಏಳು ಸಲ ಕಟ್ಟಿದೆವು.
ಬಾರದವನ ಹೆಸರಿನ ಮುಂದೆ ಸೊನ್ನೆ,
ಸೊನ್ನೆಗೆ ಒಂದು ಗಾಂತಾ ಅಕ್ಕಿ ದಂಡ.
ನನ್ನ ಗಂಡನಿಗೂ ಒಮ್ಮೆ ಸೊನ್ನೆ ಸುತ್ತಿದೆ.
ರಾತ್ರಿಯೆಲ್ಲ ಮಾತಾಡಲಿಲ್ಲ,
ಬೆಳಿಗ್ಗೆ ಅಕ್ಕಿ ಅಳೆದು ಕೊಟ್ಟ.

ಹಾಡಿ ಹೊಗಳಬೇಡಿ.
ಕೊರಳಮಟ ನೀರಲ್ಲಿ ಗೂಟ ಹಿಡಿದು ನಿಂತ
ನನ್ನ ಮೈದುನ ಫ್ಲೊರೆಂತಿನೊ ತಿರುಗಿ ಬರಲಿಲ್ಲ.
ಅವನ ಹೆಸರಿನ ಮುಂದೆ ಏನು ಬರೆಯಬೇಕೋ ತಿಳಿಯದೆ
ಆ ಮನೆ ಇವತ್ತಿಗೂ ಖಾಲಿ.

ಆಮೇಲೆ ಸರ್ಕಾರ ಸಿಮೆಂಟು ತಂದಿತು.
ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ.
ಕಬ್ಬಿಣದ ಬಾಗಿಲು, ಬಾಗಿಲಿಗೆ ಚಕ್ರ, ಚಕ್ರಕ್ಕೆ ಬೀಗ,
ಬೀಗದ ಕೈ ಲಾವಾಗಿನ ಕಚೇರಿಯಲ್ಲಿ.
ಹನ್ನೊಂದು ವರ್ಷ ಯಾರ ಬೆನ್ನೂ ಮುರಿಯಲಿಲ್ಲ.
ಹನ್ನೊಂದು ವರ್ಷ ಯಾರೂ ಯಾರನ್ನೂ ಕಾಯಲಿಲ್ಲ.
ನೀರು ಕಡಿಮೆಯಾದರೆ ಅರ್ಜಿ.
ಅರ್ಜಿ ಓದುವವರಿಗೆ ಗದ್ದೆಯೇ ಇಲ್ಲ,
ತಲೆಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ.
ಎಲ್ಪಿಡಿಯೊನ ತುಂಡು ಎಲ್ಲಕ್ಕಿಂತ ಮೊದಲು ಒಣಗಿತು.
ಮುದುಕ ಬಂದು ಕೇಳಿದ: 'ನಾನಿನ್ನೂ ಮಾಯೆಸ್ತ್ರೊನೇ?'
ಪುಸ್ತಕ ಹುಡುಕಿದೆ. ಅಂಚೆಲ್ಲ ಗೆದ್ದಲು.

ಹೋದ ಅಕ್ಟೋಬರಿನಲ್ಲಿ ಬಾಗಿಲೇ ಹೊಳೆಯ ಪಾಲು.
ಹುಡುಗರಿಗೆ ಬಿದಿರು ಬಿಗಿಯುವ ಗಂಟು ಬಾರದು.
ಮುದುಕರಿಗೆ ಬರುತ್ತದೆ, ಬೆರಳು ಬಾಗವು.
ಕಚೇರಿಗೆ ಫೋನು ಮಾಡಿದೆವು:
ಲಾರಿ ಬೇಕು, ನಮ್ಮ ಹೆಗಲಿಗೆ ಮೀರಿದ ಬಂಡೆ ಬೇಕು.
ಬಂತು. ಸುಳ್ಳು ಹೇಳಬಾರದು, ಮೂರನೇ ದಿನವೇ ಬಂತು.
ಜತೆಗೆ ಬಂದ ಇಂಜಿನಿಯರ್ ಹುಡುಗಿ ಜೊವೆಲಿನ್
ಬೂಟು ಬಿಚ್ಚಿ ನೀರಿಗಿಳಿದು
ಮುದುಕರ ಬಾಯಿಂದ ಗಂಟು ಕಲಿತಳು,
ಎರಡು ಸಲ ತಪ್ಪಿ.

'ಹೊಸ ಬಾಗಿಲಿಟ್ಟರೆ ಬೀಗದ ಕೈ ಯಾರಿಗೆ?'
ಸಂಜೆ ಅವಳು ಕೇಳಿದಾಗ
ಎಲ್ಲರೂ ಎಲ್ಪಿಡಿಯೊನನ್ನು ನೋಡಿದರು.
ಅವನು ಬಾಲದ ಕಡೆ ನೋಡುತ್ತಿದ್ದ.

ನಾನು ಹೊಸ ಪುಟಕ್ಕೆ ಗೆರೆ ಎಳೆದೆ.
ಹೆಸರುಗಳ ಕೊನೆಗೆ ಅವಳದೂ ಬರೆದೆ.
ನಾಳೆ ಬಾರದಿದ್ದರೆ
ಅವಳಿಗೂ ಸೊನ್ನೆ.